ಅಪ್ಪನ ಚಪ್ಪಲಿ

ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಲಾರಿ ಡ್ರೈವರ್ ಒಬ್ಬ, ಅವನ ಹೆಂಡತಿ. ಅವರ ಪುಟ್ಟ ಮಗ ಬಾಗಿಲಾಚೆ ಬಿಟ್ಟಿದ್ದ ಅಪ್ಪನ ಚಪ್ಪಲಿಗಳನ್ನು ಎದೆಗವಚಿಕೊಂಡು ತಂದು ಅವನ ಕಾಲ ಬಳಿ ಇಟ್ಟ.

“ನೋಡೇ, ಎಷ್ಟು ಜಾಣ! ಮನೇಲೂ ಅಷ್ಟೇ, ನಾನು ಬಂದು ಕೂತ್ರೆ ಸಾಕು, ತಂದಿಡ್ತಾನೆ.”

“ಹೂಂ.”

“ನೀನು ಹೇಳ್ಕೊಟ್ಟಿದ್ದಾ?”

“ನೀವೇ.”

“ನಾನ್ಯಾವಾಗ ಹೇಳ್ಕೊಟ್ಟೆ ಮಾರಾಯ್ತಿ?”

“ಅಪ್ಪ ಬರೋದೇ ಹೊರಡೋಕೆ ಅಂದ್ಕೊಂಡಿದಾನೆ ರೀ ಅವನು.”

ಡ್ರೈವರ್ ಬಗ್ಗಿ ಮಗನ ಮುಖ ನೋಡಿದ.

“ಇವತ್ತು ಎಲ್ಲೂ ಹೋಗಲ್ಲ ಕಣೋ, ಪುಟ್ಟಾ.”

ಪುಟ್ಟ ಚಪ್ಪಲಿಗಳನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿ, “ಟಾಟಾ” ಎಂದ.

ನರ್ಸ್ ಕರೆದಳು. ಡ್ರೈವರ್ ಮಗನನ್ನು ಎತ್ತಿಕೊಂಡು ಬರಿಗಾಲಲ್ಲೇ ಒಳಗೆ ನಡೆದ. ಅವನ ಭುಜದ ಮೇಲಿಂದ ಪುಟ್ಟ, ಅಲ್ಲೇ ಉಳಿದ ಚಪ್ಪಲಿಗಳಿಗೆ ಕೈ ಬೀಸಿದ.

“ಟಾಟಾ.”