ಸದ್ದು ಹೋದ ಮಿಷನ್ನು

ರಿಪೇರಿ ಅಂಗಡಿಯ ಬೆಂಚಿನ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕಾಯುತ್ತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು. ಮುಂದೆ ಕುದುರೆಗೆ ಲಾಳ ಕಟ್ಟುವವಳೂ ಅವಳ ಮುದಿ ಅಪ್ಪನೂ ನಿಂತಿದ್ದರು.

"ಗೊರಸು ಸವರೋ ಮಿಷನ್‌ಗೆ ಆ ಹಳೇ ಸದ್ದು ವಾಪಸ್ ಬರಬೇಕಲ್ಲ," ಎಂದಳು ಮಗಳು.

"ಸದ್ದು ನಿಲ್ಸಿ ಅಂದಿದ್ದು ನೀವೇ ಅಲ್ವೇನಮ್ಮಾ?" ಎಂದ ಮೆಕ್ಯಾನಿಕ್.

"ಹೌದು. ಆದ್ರೆ ಗುರ್ ಅಂದ್ರೇನೇ ನಮ್ಮ ಕುದುರೆ ಕಾಲೆತ್ತೋದು. ಇವತ್ತು ಜಪ್ಪಯ್ಯ ಅಂದ್ರೂ ಎತ್ತಲಿಲ್ಲ."

"ಬೇರಿಂಗ್ ಹೊಸದು. ಇನ್ನು ಹತ್ತು ವರ್ಷ ಗುರ್ ಅನ್ನಲ್ಲ."

"ನಾನು ಉಳಿ ಹಿಡಿದು ಗೊರಸು ಸವರ್ತಿದ್ದಾಗ, ಬಾ ಮಗಾ ಅಂದ್ರೆ ಸಾಕಿತ್ತು," ಎಂದ ಮುದುಕ.

"ಅಪ್ಪಾ, ಹಳೇ ಪುರಾಣ ಬಿಚ್ಬೇಡ."

"ಇಲ್ಲ ಕಣಮ್ಮ. ಇನ್ಮೇಲೆ ನೀನು ಸವರು, ಗುರ್ ಅನ್ನೋ ಕೆಲಸ ನಂಗಿರಲಿ."

ಹೊರಡುತ್ತಾ ಮುದುಕ ಬಾಯಲ್ಲೇ "ಗುರ್ರ್" ಎಂದು ನೋಡಿದ. ಬಾಗಿಲಾಚೆ ಕಟ್ಟಿದ್ದ ಕುದುರೆ ತಣ್ಣಗೆ ಕಾಲೆತ್ತಿ ನಿಂತಿತು.