ಮೂರನೇ ಗುರುತಿನ ಆಚೆ

ಸಂಜೆ ಹಿಡಿದ ಮಳೆ ಹಟ ಬಿಟ್ಟಿರಲಿಲ್ಲ. ಕರೆಂಟ್ ಹೋಗಿ, ಮೂರನೇ ಮಹಡಿಯ ದೊಡ್ಡಮ್ಮನ ಮನೆಯಲ್ಲಿ ನಾವೆಲ್ಲ ಒಂದೇ ಮೇಣದಬತ್ತಿಯ ಸುತ್ತ ಕೂತಿದ್ದೆವು. ಅತ್ತಿಗೆಯ ಫೋನ್ ನೀರಿಗೆ ಬಿದ್ದು ಮಗುವಿನ ಫೋಟೋಗಳೆಲ್ಲ ಹೋಗಿದ್ದವು. ಅಣ್ಣ ಸಮಾಧಾನ ಮಾಡಿ ಸೋತಿದ್ದ. ಅಂಧ ಮಕ್ಕಳಿಗೆ ಬ್ರೈಲ್ ಪುಸ್ತಕ ಅಚ್ಚು ಮಾಡುವ ಮುದ್ರಣಾಲಯಕ್ಕೆ ಹೊಸದಾಗಿ ಸೇರಿದ್ದ ನನ್ನ ತಂಗಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ದೊಡ್ಡಮ್ಮನೂ ಅದೇ ಮುದ್ರಣಾಲಯದ ಕಂಪ್ಯೂಟರ್ ಕೋಣೆಯಲ್ಲಿ ಜೀವಮಾನ ಸವೆಸಿ ನಿವೃತ್ತಳಾದವಳು. ಶಾಲು ಹೊದ್ದುಕೊಂಡು ಅತ್ತಿಗೆಯ ಕಡೆ ತಿರುಗಿದಳು.

"ಅಳು ಸಾಕು ಮಾಡೇ. ಫೋಟೋಗಳ ನಕಲು ಇನ್ನೊಂದು ಕಡೆ ಇಟ್ಟಿರಲಿಲ್ಲ ಅಲ್ವಾ? ಬೈಯಲ್ಲ ಬಿಡು. ಇಟ್ಟವರ ಪಾಡೂ ಏನಾಗುತ್ತೆ ಅಂತ ಹೇಳ್ತೀನಿ... ಎಲ್ಲರೂ ಹತ್ತಿರ ಬನ್ನಿ, ಈ ಮಳೆ ಸದ್ದಿಗೆ ನನ್ನ ಗಂಟಲು ಸಾಲಲ್ಲ.

"ನಮ್ಮ ಮುದ್ರಣಾಲಯದಲ್ಲಿ ಬೆರಳಕ್ಕ ಅಂತ ಒಬ್ಬಳಿದ್ದಳು. ಹುಟ್ಟಿದಾಗಿಂದ ಕಣ್ಣು ಕಾಣ್ತಿರಲಿಲ್ಲ. ಅಚ್ಚಾದ ಹಾಳೆ ಮೇಲೆ ಬೆರಳಾಡಿಸಿ ತಪ್ಪು ಹಿಡಿಯೋದು ಅವಳ ಕೆಲಸ, ಒಂದು ಚುಕ್ಕೆ ಆಚೀಚೆ ಆದ್ರೂ ನನ್ನ ಜನ್ಮ ಜಾಲಾಡಿಬಿಡೋಳು. ನಾನು ಟೈಪ್ ಮಾಡೋದು, ಅವಳು ತಿದ್ದೋದು... ಹೀಗೇ ಒಂದು ಗಣಿತ ಪುಸ್ತಕಕ್ಕೆ ವರ್ಷಾನೇ ಹಿಡೀತು. ಮನೆಗೆ ಹೊರಡೋ ಮುಂಚೆ ಯುನಿಕ್ಸ್ ಅಂತ ಆಗಿನ ಕಾಲದ ಕಂಪ್ಯೂಟರಿನಲ್ಲಿ ಇರೋದನ್ನೆಲ್ಲ ಟೇಪಿಗೆ ನಕಲು ತೆಗೀತಿದ್ವಿ. ಟೇಪು ಅಂದ್ರೆ ಹಾಡಿನ ಕ್ಯಾಸೆಟ್ ಥರದ್ದೇ, ಸ್ವಲ್ಪ ದಪ್ಪ. ಆಗ ಟೇಪ್ ಸಿಗೋದೇ ಕಷ್ಟ, ಅದಕ್ಕೆ ಒಂದರಲ್ಲೇ ಮೂರು ನಕಲು: ಮೊದಲು ಕಚೇರಿ ಲೆಕ್ಕ, ಆಮೇಲೆ ಹಳೇ ಪುಸ್ತಕ, ಕೊನೆಗೆ ನಮ್ಮ ಗಣಿತ. ಒಂದೊಂದು ಮುಗಿದಾಗಲೂ ಟೇಪ್ ಓಡಿಸೋ ಯಂತ್ರ ಅದರ ಮೇಲೆ ಒಂದು ಗುರುತು ಹಾಕುತ್ತೆ. ಬೆರಳಕ್ಕ ಯಂತ್ರದ ಮೇಲೆ ಅಂಗೈ ಇಟ್ಟು ನಿಲ್ಲೋಳು, ಒಳಗಿನ ನಡುಕ ನಿಂತಾಗ 'ಹ್ಞಾಂ, ಮೂರೂ ಆಯ್ತು' ಅನ್ನೋಳು. ಆಮೇಲೆ ಟೇಪ್ ತೆಗೆದು, ಅದರ ಮೂಲೆಯ ಪುಟ್ಟ ಚಿಲಕ ಉಗುರಲ್ಲಿ ಸರಿಸೋಳು, ಟಿಕ್... ಆ ಚಿಲಕ ಹಾಕಿದ್ರೆ ಅದರ ಮೇಲೆ ಯಾರೂ ಏನೂ ಬರೆಯೋಕಾಗಲ್ಲ.

"ಕೊನೇ ಪಾಠ ನಾನು ಟೈಪ್ ಮಾಡಿ ಟೇಪಿಗೂ ಹಾಕಿದ್ದೆ, ಅವಳು ತಿದ್ದೋದು ಬಾಕಿ. ಅಷ್ಟರಲ್ಲಿ ಜ್ವರ ಬಂತು, ಆಸ್ಪತ್ರೆ ಸೇರಿದಳು... ವಾಪಸ್ ಬರಲಿಲ್ಲ. ನೋಡೋಕೆ ಹೋದಾಗ ನನ್ನ ಕೈ ಹಿಡಿದು 'ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಪುಸ್ತಕ ಸೇರಿಸು ಕಣೆ' ಅಂದಿದ್ದಳು. ಸೇರಿಸ್ತೀನಿ ಅಂದಿದ್ದೆ. ಮಾತು ಕೊಟ್ಟಮೇಲೆ ಮುಗೀತಲ್ಲ?

"ಅವಳು ಹೋದ ವಾರವೇ ಕಂಪ್ಯೂಟರಿನ ಡಿಸ್ಕ್ ಕರಕರ ಅಂದು ಸುಮ್ಮನಾಯ್ತು. ಹೊಸದು ಹಾಕಿಸಿ, ಟೇಪಿಂದ ಗಣಿತ ವಾಪಸ್ ತರೋಕೆ ಕೂತೆ. ಎರಡು ಗುರುತು ದಾಟಿಸು ಅಂದೆ, ದಾಟಿತು. ಓದು ಅಂದೆ... ಕಚೇರಿ ಲೆಕ್ಕ ಬಂತು! ಮತ್ತೆ ದಾಟಿಸಿದೆ, ಮತ್ತೆ ಲೆಕ್ಕವೇ. ಮಧ್ಯಾಹ್ನದವರೆಗೂ ಅದೇ ಗೋಳು. ಮ್ಯಾನೇಜರ್ ಬಂದು 'ಇದರಲ್ಲಿ ಬೇರೇನೂ ಉಳಿದಿಲ್ಲಮ್ಮ, ಇವತ್ತಿನ ಲೆಕ್ಕ ಇದಕ್ಕೇ ಹಾಕಿ, ಪುಸ್ತಕ ಮುಂದಿನ ವರ್ಷ ನೋಡೋಣ' ಅಂದ್ರು. ಮೊದಲಿಂದ ಬರೆದ್ರೆ ಮುಂದಿನದ್ದೆಲ್ಲ ನಿರ್ನಾಮ, ಗೊತ್ತಾ? 'ಆಗಲ್ಲ ಸಾರ್' ಅಂದೆ. ಅವರೇ ಟೇಪ್ ಕಿತ್ಕೊಂಡು, ಚಿಲಕ ತೆಗೆದು, ಯಂತ್ರಕ್ಕೆ ತುರುಕಿದ್ರು. ಬರೆಯೋಕಾಗಲ್ಲ ಅಂತು ಯಂತ್ರ. ಹೊರಗೆ ತೆಗೆದು ನೋಡಿದ್ರೆ... ಚಿಲಕ ಹಾಕಿದೆ! ಮತ್ತೆ ತೆಗೆದ್ರು, ನನ್ನ ಕಣ್ಣೆದುರಿಗೇ ತೆಗೆದ್ರು, ಮತ್ತೆ ತುರುಕಿದ್ರು. ಒಳಗಿಂದ ಸದ್ದು ಬಂತು, ಟಿಕ್... ಅವರ ಮುಖ ಬಿಳಿಚಿಕೊಳ್ತು. 'ಏನಾದ್ರೂ ಮಾಡ್ಕೊಳ್ಳಿ' ಅಂತ ಹೊರಟೇ ಹೋದ್ರು. ಮಟಮಟ ಮಧ್ಯಾಹ್ನ ಕಣ್ರೋ! ದೆವ್ವಕ್ಕೆ ಕತ್ತಲೇ ಬೇಕು ಅಂತ ಯಾರು ಹೇಳಿದ್ದು?

"ನನಗೂ ಭಯ ಆಯ್ತು. ಆದ್ರೂ ಕುರ್ಚಿ ಬಿಟ್ಟು ಏಳಲಿಲ್ಲ. ಬಂದ್ರೆ ಬರಲಿ, ಇಬ್ಬರದ್ದೂ ಒಂದೇ ಕೆಲಸ ತಾನೆ? ಮತ್ತೆ ದಾಟಿಸು ಅಂತ ಹೇಳಿ, ಅವಳ ಥರಾನೇ ಯಂತ್ರದ ಮೇಲೆ ಅಂಗೈ ಇಟ್ಟೆ. ನನ್ನ ಕೈ ಮೇಲೆ ಇನ್ನೊಂದು ಕೈ ಕೂತಿತು... ಸವೆದು ನುಣುಪಾದ ಬೆರಳ ತುದಿ. ಒತ್ತಿ ಹಿಡೀತು. ಆಗ ಗೊತ್ತಾಯ್ತು ನೋಡಿ, ಟೇಪ್ ಮುಂದೆ ಹೋಗಿ ನಿಲ್ಲುತ್ತೆ, ತಕ್ಷಣ ಜರ್ರಂತ ಪೂರ್ತಿ ಹಿಂದಕ್ಕೆ ಸುತ್ಕೊಳ್ಳುತ್ತೆ! ಆ ಯಂತ್ರಕ್ಕೆ ಎರಡು ಹೆಸರು. ಒಂದರಿಂದ ಕರೆದ್ರೆ ಹೇಳಿದ ಕೆಲಸ ಮುಗಿಸಿ ಮೊದಲಿಗೇ ವಾಪಸ್ ಹೋಗುತ್ತೆ, ಇನ್ನೊಂದರಿಂದ ಕರೆದ್ರೆ ಇದ್ದಲ್ಲೇ ನಿಲ್ಲುತ್ತೆ. ಗಾಬರಿಯಲ್ಲಿ ನಾನು ಮೊದಲನೇ ಹೆಸರಿಂದಲೇ ಕರೀತಿದ್ದೆ, ಹೆಡ್ಡಿ! ಹೆಸರು ಬದಲಾಯಿಸಿದೆ. ಒಂದು ಗುರುತು... ಎರಡು... ನಿಂತಿತು. ಓದು ಅಂದೆ. ಗಣಿತ ಬಂತು ಕಣ್ರೋ! ಅಳುನೂ ಬಂತು, ನಗುನೂ ಬಂತು.

"ಪರೀಕ್ಷೆಗೆ ಮುಂಚೆ ಪುಸ್ತಕ ಮಕ್ಕಳ ಕೈ ಸೇರಿತು. ಆದ್ರೆ ಆ ಕೊನೇ ಪಾಠ... ಅದನ್ನ ಅವಳು ಮುಟ್ಟೇ ಇರಲಿಲ್ಲ ಅಲ್ವಾ? ಅಚ್ಚಿಗೆ ಕೊಡೋ ಮುಂಚೆ ತೆರೆದು ನೋಡ್ತೀನಿ, ನನ್ನ ತಪ್ಪೆಲ್ಲ ತಿದ್ದಿದೆ. ಒಂದು ಚುಕ್ಕೆ ಆಚೀಚೆ ಇಲ್ಲ."

ತಂಗಿಯ ನಿದ್ದೆ ಹಾರಿಹೋಗಿತ್ತು. "ಸುಮ್ನೆ ಹೆದರಿಸ್ಬೇಡಿ ದೊಡ್ಡಮ್ಮ," ಎಂದು ಅಣ್ಣ ನಕ್ಕ. ದೊಡ್ಡಮ್ಮ ನಗಲಿಲ್ಲ. ತಂಗಿಯನ್ನೇ ನೋಡುತ್ತ ಮುಂದುವರಿಸಿದಳು.

"ಹಳೇ ಟೇಪುಗಳನ್ನೆಲ್ಲ ಹೊಸ ಡಿಸ್ಕಿಗೆ ತುಂಬಿಸೋಕೆ ನಿಮ್ಮ ಆಫೀಸಿನವರು ಹೋದ ವಾರ ನನ್ನ ಕರೆದಿದ್ರಲ್ಲೇ... ಆ ಟೇಪೂ ಓಡಿಸಿದೆ. ಚಿಲಕ ಹಾಕಿದ ಹಾಗೇ ಇತ್ತು. ಮೂರನೇ ಗುರುತಿನ ಆಚೆ ಖಾಲಿ ಇರಬೇಕು. ಇರಲಿಲ್ಲ... ಇನ್ನೊಂದು ನಕಲು ಇತ್ತು. ವಿಜ್ಞಾನದ ಪುಸ್ತಕ, ಈ ವರ್ಷ ಬದಲಾಗಿರೋ ಹೊಸ ಪಠ್ಯ. ಕೊನೇ ಪಾಠದವರೆಗೂ ತಿದ್ದಿ ಮುಗಿಸಿದೆ. ಅದನ್ನ ಟೈಪ್ ಮಾಡೋಕೆ ನಿನಗೇ ತಾನೆ ಕೊಟ್ಟಿರೋದು? ಎಲ್ಲಿಗೆ ಬಂತು?"

ತಂಗಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ನಾಳೆ ಶುರು ಮಾಡಬೇಕು ದೊಡ್ಡಮ್ಮ."

"ಮಾಡು. ನಿಧಾನಕ್ಕೇ ಮಾಡು, ಅರ್ಧಕ್ಕೆ ಮಾತ್ರ ಬಿಡಬೇಡ." ದೊಡ್ಡಮ್ಮ ಕೈ ಚಾಚಿ ತಂಗಿಯ ಬೆರಳುಗಳನ್ನು ಮೆಲ್ಲಗೆ ಒತ್ತಿದಳು. "ಕೈ ಮೇಲೆ ಕೈ ಕೂತ್ರೆ ಎಳ್ಕೋಬೇಡ ಮರೀ... ತಪ್ಪಾಗಿದೆ ಅಂತ ಅರ್ಥ."