ಮಂಟಪ ಕಾಯುವ ಸೀಟಿ

ಸೀಟಿ ಕೇಳಿದ್ದೇ ತಡ, ಬಸ್ಸು ಹೊರಟಿತೆಂದು ನಾವೆಲ್ಲ ಎದ್ದು ಓಡಿದೆವು. ಊದಿದವರು ಕಂಡಕ್ಟರ್ ಅಲ್ಲ; ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ, ಎಸ್‌ಟಿಡಿ ಬೂತಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ ಮುದುಕರು. ಜೊತೆಗಿದ್ದ ಯುವಕ ನಕ್ಕ.

"ಜೋರೈತಲ್ಲ ಸೂರಪ್ಪಜ್ಜ! ನಾಳೆಯಿಂದ ಊರ ಮಂಟಪಕ್ಕೆ ನೀನೇ ವಾಚ್‌ಮನ್. ಪುರಾತತ್ವ ಇಲಾಖೆಯ ದಾವಣಗೆರೆ ಸಾಹೇಬ್ರಿಗೆ ಹೇಳಿ ಕೆಲಸ ಕೊಡ್ಸೀನಿ."

"ದೊಡ್ಡ ಉಪಕಾರ ಆತು ನಿಂಗರಾಜು. ಏನು ಮಾಡ್ಬೇಕು?"

"ಅವರು ಹಾಕ್ಸಿದ ಬೇಲಿ ದಾಟಿ ಯಾರು ಬಂದ್ರೂ ಊದೋದು."

"ನನ್ನ ಮೊಮ್ಮಗಳು ಆಶಾರಾಣಿ ಕೂಸು ಎತ್ಕೊಂಡು ಬಂದ್ರೆ? ಊರ ಕೂಸಿಗೆಲ್ಲ ಮೊದಲ ತೊಟ್ಟಿಲು ಅಲ್ಲೇ ಅಲ್ವೇನೋ ಕಟ್ಟೋದು?"

"ಇನ್ನು ಮನ್ಯಾಗೇ ಕಟ್ರಿ ಅಜ್ಜ. ಕಂಬದ ತೂತಿಗೆಲ್ಲ ಸಿಮೆಂಟ್ ತುಂಬ್ತಾರೆ. ಯಾವನೋ ಪಾಳೇಗಾರನ ಸವಾರರು ಕುದುರೆ ಕಟ್ಟಾಕೆ ಕೊರೆದು ಹಾಳು ಮಾಡ್ಯಾರಂತೆ."

"ಕುದುರೆ ಹೋದ್ಮೇಲೆ ಅದೇ ತೂತಿಗೆ ಹಗ್ಗ ಹಾಕಿ ನಮ್ಮ ಮೇಷ್ಟ್ರು ಬೋರ್ಡು ತೂಗುಹಾಕಿದ್ರು. ಸಾಲಿ ಹೊಸ ಕಟ್ಟಡಕ್ಕೆ ಹೋತು, ತೊಟ್ಟಿಲು ಬಂತು. ನಿನ್ನ ತೊಟ್ಟಿಲು ತೂಗಿದ್ದು ಯಾರು?"

"ನೀನೇ ಅಂತಾಳೆ ನಮ್ಮವ್ವ."

"ಊರಿಗೆಲ್ಲ ಕೇಳೋ ಹಂಗೆ ಅಳ್ತಿದ್ದೆ. ಯಾರೂ ಸೀಟಿ ಊದ್ಲಿಲ್ಲ."

ಯುವಕ ಅಜ್ಜನ ಹತ್ತಿರಕ್ಕೆ ಸರಿದು ಕೂತ.

"ಆಶಕ್ಕನ ಕೂಸಿಗೆ ಅಂತ ಒಂದು ದಿನ ನಾನೇ ಬೇಲಿ ಗೇಟಿನ ಬೀಗ ತೆಗೀತೀನಿ. ಸಿಮೆಂಟಿನೋರಿಗೂ ತಡೀರಿ ಅಂತೀನಿ. ನೀನು ಕೆಲಸ ಬಿಡಬ್ಯಾಡ."

"ಅದರ ಮುಂದಿನ ಕೂಸಿಗೆ?"

ಅವರೂರು ಕೊಕ್ಕನೂರಿನ ಬಸ್ಸು ಬಂತು. ಮುದುಕರು ಸೀಟಿಯನ್ನು ಪಂಚೆಯ ಚುಂಗಿನಿಂದ ಒರೆಸಿ ಅವನ ಅಂಗೈಯಲ್ಲಿಟ್ಟರು, ಅವನ ಕೆನ್ನೆ ಸವರಿದರು.

"ನಂಗೆ ಬ್ಯಾಡಪ್ಪ," ಎಂದು ಬಸ್ಸು ಹತ್ತಿದರು.